ಎತ್ತಲ್ಪಡುವಿಕೆ ಯಾವಾಗ? ಪೀಣ್ಯದ ಬಾಡಿಗೆ ಮನೆಯಿಂದ 1836ರ ಮಂಗಳೂರಿಗೆ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.

ಈ ಸಂಚಿಕೆಗೆ ಕಾರಣ ನನ್ನ ಅಕ್ಕನ ಮಗಳು. ಅವಳಿಗೆ 11 ವರ್ಷ, ಮನೆ ಪೀಣ್ಯ ಎರಡನೇ ಹಂತದ ಹತ್ತಿರ. 2025ರ ಸೆಪ್ಟೆಂಬರ್ 22, ಸೋಮವಾರ. ನವರಾತ್ರಿಯ ಮೊದಲ ದಿನ, ಹೊಸ ಜಿಎಸ್‌ಟಿ ದರ ಜಾರಿಗೆ ಬಂದ ದಿನ. ರಾತ್ರಿ ಹನ್ನೊಂದರ ಹೊತ್ತಿಗೆ ಅಕ್ಕನ ಫೋನಿಂದ ನನಗೊಂದು ವಾಯ್ಸ್ ಮೆಸೇಜ್ ಬಂತು. ಪಿಸುಮಾತಲ್ಲಿ. "ಮಾಮ, ನಾಳೆ ನಿಜವಾಗ್ಲೂ ಆಗತ್ತಾ? ಅಮ್ಮ ಹೋಗಿ ನಾನೊಬ್ಬಳೇ ಉಳ್ಕೊಂಡ್‌ಬಿಟ್ರೆ?"

ಏನು ಆಗೋದು ಅಂತ ನಾನು ಕೇಳಲಿಲ್ಲ. ಗೊತ್ತಿತ್ತು. ದಕ್ಷಿಣ ಆಫ್ರಿಕಾದ ಜೋಶುವಾ ಮ್ಹಲಕೇಲಾ ಅನ್ನೋ ಬೋಧಕ ಒಂದು ಇಂಟರ್‌ವ್ಯೂನಲ್ಲಿ, ಸೆಪ್ಟೆಂಬರ್ 23 ಮತ್ತು 24ರಂದು ಯೇಸುಸ್ವಾಮಿ ಬಂದು ತನ್ನವರನ್ನ ಎತ್ತಿಕೊಂಡು ಹೋಗ್ತಾನೆ ಅಂದಿದ್ದ. ಯೆಹೂದ್ಯರ ಹೊಸ ವರ್ಷದ ಹಬ್ಬದ ದಿನಗಳು ಅವು. ಟಿಕ್‌ಟಾಕ್‌ನಲ್ಲಿ ಹಬ್ಬಿತು. ನಮ್ಮಲ್ಲಿ ಟಿಕ್‌ಟಾಕ್ 2020ರಿಂದ ಇಲ್ಲ, ಆದ್ರೆ ರೀಲ್ಸ್ ಇದೆ, ವಾಟ್ಸ್ಯಾಪ್ ಇದೆ, ಸಭೆಯ ಯೂತ್ ಗ್ರೂಪ್ ಇದೆ. ಪೀಣ್ಯಕ್ಕೆ ಬರೋಕೆ ಎಷ್ಟು ಹೊತ್ತು!

ಹೊರಗಿನವರಿಗೆ ಅದು ಮೀಮ್. ಅದರೊಳಗೇ ಬೆಳೆದವರಿಗೆ ಹಾಗಲ್ಲ. ನಾನು ಬೆಳೆದವನು.

ನನಗೆ ಒಂಬತ್ತು ವರ್ಷ ಇದ್ದಾಗಿನ ಮಾತು. ನಮ್ಮ ಸಭೆ ಇದ್ದದ್ದು ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ, ಶೀಟ್ ಹಾಕಿದ ಚಾವಣಿ. ಒಂದು ಭಾನುವಾರ ಸಂಜೆ ಬಾಡಿಗೆ ಪ್ರೊಜೆಕ್ಟರ್ ತಂದು ಹಳೇ ಅಮೆರಿಕನ್ ಸಿನಿಮಾ ಹಾಕಿದ್ರು. 'ಎ ಥೀಫ್ ಇನ್ ದ ನೈಟ್', 1972ರದ್ದು. ಪಾಸ್ಟರ್ ಪಕ್ಕದಲ್ಲಿ ನಿಂತು ಕನ್ನಡ, ತಮಿಳು ಎರಡರಲ್ಲೂ ಹೇಳ್ತಾ ಹೋದ್ರು. ಅದರಲ್ಲಿ ಒಬ್ಬಳು ಹೆಂಗಸು ಬೆಳಗ್ಗೆ ಎದ್ದು ನೋಡಿದ್ರೆ ಗಂಡ ಇಲ್ಲ. ಅವನ ಎಲೆಕ್ಟ್ರಿಕ್ ರೇಜರ್ ಮಾತ್ರ ವಾಶ್ ಬೇಸಿನ್‌ನಲ್ಲಿ ಗುಂಯ್ ಅಂತ ಓಡ್ತಾ ಇದೆ.

ಅದಾದ ಕೆಲವೇ ದಿನಕ್ಕೆ ಸ್ಕೂಲಿಂದ ಮನೆಗೆ ಬಂದೆ. ಬಾಗಿಲು ತೆರೆದಿದೆ. ಒಲೆ ಮೇಲೆ ಕುಕ್ಕರ್ ಕೂಗ್ತಾ ಇದೆ. ಅಮ್ಮ ಇಲ್ಲ, ಅಕ್ಕ ಇಲ್ಲ. ಪಕ್ಕದ ಮನೆ ಆಂಟಿನೂ ನಮ್ಮ ಸಭೆಯವರೇ, ಅವರೂ ಇಲ್ಲ. ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ. ಹಿಂದಿನ ದಿನ ಅಂಗಡಿಯವನು ಎರಡು ರೂಪಾಯಿ ಜಾಸ್ತಿ ಚಿಲ್ಲರೆ ಕೊಟ್ಟಿದ್ದ, ನಾನು ವಾಪಸ್ ಕೊಟ್ಟಿರಲಿಲ್ಲ. ಅದಕ್ಕೇ ನನ್ನ ಬಿಟ್ಟು ಹೋಗಿದ್ದಾರೆ ಅಂತ ನನಗೆ ಖಚಿತವಾಗಿತ್ತು.

ಈ ಭಯ ಎಲ್ಲಿಂದ ಬಂತು ಅಂತ ಹುಡುಕೋದೇ ಇವತ್ತಿನ ಸಂಚಿಕೆ. ನಾನು ಓದಿದ್ದು ಬಿ.ಕಾಂ. ಹಾಗಾಗಿ ನನ್ನ ಪ್ರಶ್ನೆಗಳು ಸ್ವಲ್ಪ ಲೆಡ್ಜರ್ ವಾಸನೆ ಹೊಡೀತವೆ, ಸಹಿಸಿಕೊಳ್ಳಿ.

ಮೊದಲು, ಈ ನಂಬಿಕೆ ಏನು? ಕನ್ನಡ ಸಭೆಗಳಲ್ಲಿ ಇದನ್ನ 'ಎತ್ತಲ್ಪಡುವಿಕೆ' ಅಂತಾರೆ. ಮೂಲ ಇರೋದು ಪೌಲ ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ, ನಾಲ್ಕನೇ ಅಧ್ಯಾಯ. ಸುಮಾರು ಕ್ರಿ.ಶ. 50ರ ಹೊತ್ತಿನ ಪತ್ರ. ಅಲ್ಲಿನ ಸಭೆಯಲ್ಲಿ ಕೆಲವರು ತೀರಿಹೋಗಿದ್ರು. ಉಳಿದವರಿಗೆ ಚಿಂತೆ: ಕರ್ತನು ಬರುವಾಗ ಸತ್ತವರ ಗತಿ ಏನು, ಅವರಿಗೆ ಆ ದಿನ ತಪ್ಪಿಹೋಯ್ತಾ? ಪೌಲ ಸಮಾಧಾನ ಹೇಳ್ತಾನೆ. ಸತ್ತವರೇ ಮೊದಲು ಏಳ್ತಾರೆ, ಆಮೇಲೆ ಬದುಕಿರೋರು ಅವರ ಜೊತೆ ಮೋಡಗಳಲ್ಲಿ ಒಯ್ಯಲ್ಪಟ್ಟು ಕರ್ತನನ್ನ ಎದುರುಗೊಳ್ತಾರೆ ಅಂತ. ಸಾವಿನ ಮನೆಗೆ ಬರೆದ ಪತ್ರ ಅದು. ಮಕ್ಕಳನ್ನ ಹೆದರಿಸೋಕೆ ಬರೆದದ್ದಲ್ಲ.

ಅಲ್ಲಿ 'ಒಯ್ಯು', 'ಎದುರುಗೊಳ್ಳು' ಅಂತ ಎರಡು ಕ್ರಿಯೆ ಇವೆ ನೋಡಿ. ಜಗಳವೆಲ್ಲ ಇವೆರಡರ ನಡುವೆ. 'ಒಯ್ಯು'ಗೆ ಒತ್ತು ಕೊಟ್ಟರೆ, ಕರೆದುಕೊಂಡು ಹೊರಟೇ ಹೋದ್ರು ಅಂತಾಗುತ್ತೆ. 'ಎದುರುಗೊಳ್ಳು'ವಿಗೆ ಒತ್ತು ಕೊಟ್ಟರೆ ಚಿತ್ರ ಬೇರೆ. ನಮ್ಮ ಕಡೆ ದಿಬ್ಬಣ ಬಂದ್ರೆ ಊರ ಬಾಗಿಲವರೆಗೆ ಹೋಗಿ ಬೀಗರನ್ನ ಎದುರುಗೊಳ್ತೀವಿ. ಹೋದವರು ಅವರ ಜೊತೆ ಅವರ ಊರಿಗೆ ಹೊರಟುಬಿಡ್ತೀವಾ? ಇಲ್ಲ, ಅವರನ್ನ ಕರ್ಕೊಂಡು ನಮ್ಮೂರಿಗೇ ವಾಪಸ್ ಬರ್ತೀವಿ. ಗ್ರೀಕ್ ಮೂಲದ ಪದಕ್ಕೂ ಈ ಅರ್ಥ ಇತ್ತು, ದೊಡ್ಡ ಅಧಿಕಾರಿ ಬಂದಾಗ ಪಟ್ಟಣದವರು ಹೊರಗೆ ಹೋಗಿ ಸ್ವಾಗತಿಸಿ ಕರೆತರೋದು ಅಂತ. ಬರುವ ಅತಿಥಿಗಾಗಿ ಹೊರಗೆ ಹೋಗಿ ಬರೋದೇ ಹೊರತು, ಊರು ಬಿಟ್ಟು ಓಡೋದಲ್ಲ ಅಂತ ಒಂದು ಪಕ್ಷ ಇವತ್ತಿಗೂ ವಾದಿಸುತ್ತೆ.

'ಯಾವಾಗ' ಅನ್ನೋ ಪ್ರಶ್ನೆಯಲ್ಲೂ ಎರಡು ಪ್ರಶ್ನೆ ಇದೆ. ಒಂದು ತಾರೀಕು, ಯಾವ ದಿನ ಅಂತ. ಇನ್ನೊಂದು ಕ್ರಮ. ಲೋಕಕ್ಕೆ ಏಳು ವರ್ಷದ ಮಹಾ ಸಂಕಟ ಬರುತ್ತೆ ಅಂತ ನಂಬೋದಾದ್ರೆ, ಎತ್ತಲ್ಪಡುವಿಕೆ ಅದಕ್ಕೆ ಮುಂಚೆಯಾ, ಮಧ್ಯದಲ್ಲಾ, ಆಮೇಲಾ? ತಾರೀಕು ಹೇಳೋರನ್ನ ನಮ್ಮ ಪಾಸ್ಟರೂ ಬೈತಿದ್ರು. ಆ ದಿನ ಯಾರಿಗೂ ಗೊತ್ತಿಲ್ಲ ಅಂತ ಮತ್ತಾಯ 24ರಲ್ಲಿ ಯೇಸುವೇ ಹೇಳಿದ್ದಾನಲ್ಲ. ಆದ್ರೆ ಹೊಸ್ತಿಲ ಮೇಲೆ ನನ್ನನ್ನ ಕೂರಿಸಿದ್ದು ತಾರೀಕಲ್ಲ, ಕ್ರಮ. ಮುಂಚೆ, ಸದ್ದಿಲ್ಲದೆ, ಯಾವ ಕ್ಷಣದಲ್ಲಾದರೂ ಅನ್ನೋ ಕ್ರಮ. ಅದು ಇಲ್ಲದಿದ್ರೆ ಕುಕ್ಕರ್ ಬರೀ ಕುಕ್ಕರ್.

ಈ 'ಮುಂಚೆ'ಯನ್ನ ಒಂದು ಪೂರ್ತಿ ವ್ಯವಸ್ಥೆಯಾಗಿ ಕಟ್ಟಿ ಹರಡಿದವನು ಜಾನ್ ನೆಲ್ಸನ್ ಡಾರ್ಬಿ. ಅದಕ್ಕೂ ಹಿಂದೆ ಅಲ್ಲೊಂದು ಇಲ್ಲೊಂದು ಬಿಡಿ ಮಾತು ಇತ್ತು ಅಂತ ವಾದಿಸೋರಿದ್ದಾರೆ, ಇರಲಿ. ಡಾರ್ಬಿ ಹುಟ್ಟಿದ್ದು 1800ರಲ್ಲಿ. ಕಾನೂನು ಓದಿ, ಅದನ್ನ ಬಿಟ್ಟು, ಐರ್ಲೆಂಡ್‌ನಲ್ಲಿ ಆಂಗ್ಲಿಕನ್ ಪಾದ್ರಿಯಾದ. 1827ರಲ್ಲಿ ಕುದುರೆಯಿಂದ ಬಿದ್ದು ಕಾಲಿಗೆ ಪೆಟ್ಟಾಗಿ ಮಲಗಿದ್ದಾಗ ಬೈಬಲನ್ನ ಹೊಸದಾಗಿ ಓದಿದೆ ಅಂತ ಮುಂದೆ ಅವನೇ ಹೇಳಿಕೊಂಡ. 1831ರಿಂದ ವಿಕ್ಲೋ ಪ್ರಾಂತ್ಯದ ಪವರ್ಸ್‌ಕೋರ್ಟ್‌ನಲ್ಲಿ, ಲೇಡಿ ಪವರ್ಸ್‌ಕೋರ್ಟ್ ಅನ್ನೋ ವಿಧವೆಯ ಆತಿಥ್ಯದಲ್ಲಿ, ಪ್ರವಾದನೆಗಳ ಬಗ್ಗೆ ದಿನಗಟ್ಟಲೆ ಚರ್ಚಾಕೂಟ ನಡೀತಿದ್ವು. ಅವನ ಯೋಚನೆ ಗಟ್ಟಿಯಾದದ್ದು ಆ ವರ್ಷಗಳಲ್ಲಿ.

ಅವನ ತರ್ಕ ಅಕೌಂಟ್ಸ್ ಓದಿದವರಿಗೆ ಬೇಗ ಅರ್ಥವಾಗುತ್ತೆ. ದಾನಿಯೇಲನ ಗ್ರಂಥದ ಒಂಬತ್ತನೇ ಅಧ್ಯಾಯದಲ್ಲಿ 70 ವಾರಗಳ ಲೆಕ್ಕ ಇದೆ. ಒಂದು ವಾರ ಅಂದ್ರೆ ಏಳು ವರ್ಷ, ಒಟ್ಟು 490 ವರ್ಷ. ಡಾರ್ಬಿ ಪ್ರಕಾರ ಇದರಲ್ಲಿ 69 ವಾರ ಪೋಸ್ಟ್ ಆಗಿ ಮುಗಿದಿದೆ. ಕೊನೆಯ ಒಂದು ವಾರ ಮಾತ್ರ ಸಸ್ಪೆನ್ಸ್ ಅಕೌಂಟ್‌ನಲ್ಲಿ ಕೂತಿದೆ, ಸುಮಾರು ಎರಡು ಸಾವಿರ ವರ್ಷದಿಂದ. ಯಾಕೆ? ಆ ಲೆಕ್ಕ ಇಸ್ರಾಯೇಲರದು, ಸಭೆಯದಲ್ಲ. ಇಸ್ರಾಯೇಲರಿಗೆ ಭೂಮಿಯ ವಾಗ್ದಾನ, ಸಭೆಗೆ ಪರಲೋಕದ ವಾಗ್ದಾನ, ಎರಡು ಬೇರೆ ಬೇರೆ ಪುಸ್ತಕ. ಸಭೆ ಭೂಮಿಯ ಮೇಲೆ ಇರುವಷ್ಟು ದಿನ ಆ ಗಡಿಯಾರ ನಿಂತಿರುತ್ತೆ. ಅದು ಮತ್ತೆ ಓಡಬೇಕು ಅಂದ್ರೆ ಮೊದಲು ಸಭೆಯನ್ನ ಎತ್ತಬೇಕು. ಆಮೇಲೆ ಉಳಿದ ಏಳು ವರ್ಷ: ಕ್ರಿಸ್ತವಿರೋಧಿ, ಮಹಾ ಸಂಕಟ ಎಲ್ಲ. ಒಳಗಿಂದ ನೋಡಿದ್ರೆ ಬಹಳ ಅಚ್ಚುಕಟ್ಟು. ಟ್ಯಾಲಿ ಆಗುತ್ತೆ. ಒಪ್ಪದವರು ಕೇಳೋದು ಒಂದೇ ಪ್ರಶ್ನೆ, ಆ ಗ್ಯಾಪ್ ಮೂಲ ಪುಸ್ತಕದಲ್ಲಿ ಎಲ್ಲಿದೆ ಅಂತ. ಅವನದೇ ಬಳಗದ, ಪ್ಲಿಮತ್ ಊರಿನ ಬೆಂಜಮಿನ್ ನ್ಯೂಟನ್ ಈ ಕ್ರಮವನ್ನ ಒಪ್ಪಲೇ ಇಲ್ಲ. ಸಭೆ ಸಂಕಟದ ಮೂಲಕವೇ ಹಾದು ಹೋಗುತ್ತೆ ಅಂದ. ಬೇರೆ ಜಗಳಗಳೂ ಸೇರಿ 1840ರ ದಶಕದಲ್ಲಿ ಆ ಬಳಗ ಒಡೆಯಿತು. ಬ್ರದರನ್ ಅಂತ ಕರೀತೀವಲ್ಲ, ಅವರೇ.

ಸರಿ, ಐರ್ಲೆಂಡ್ ಆಯ್ತು. ನಮ್ಮೂರಿಗೆ ಹೇಗೆ ಬಂತು? ಇಲ್ಲಿ ನನಗೇ ಆಶ್ಚರ್ಯ ಆಯ್ತು.

ಡಬ್ಲಿನ್‌ನ ಆ ಮೊದಮೊದಲ ಬಳಗದಲ್ಲಿ ಆಂಥನಿ ನಾರಿಸ್ ಗ್ರೋವ್ಸ್ ಅಂತ ಒಬ್ಬ ಇದ್ದ. ಎಕ್ಸೆಟರ್‌ನ ಹಲ್ಲಿನ ಡಾಕ್ಟರ್, ಒಳ್ಳೇ ಸಂಪಾದನೆ. 1825ರಲ್ಲೇ ಒಂದು ಕಿರುಪುಸ್ತಕ ಬರೆದು, ಕ್ರೈಸ್ತರು ನಾಳೆಗೆ ಅಂತ ಕೂಡಿಡಬಾರದು ಅಂದ. ಅಂದದ್ದಷ್ಟೇ ಅಲ್ಲ, ತಾನೂ ಎಲ್ಲ ಬಿಟ್ಟು ಬಾಗ್ದಾದ್‌ಗೆ ಹೋದ. ಅಲ್ಲಿ 1831ರ ಪ್ಲೇಗ್‌ನಲ್ಲಿ ಹೆಂಡತಿಯನ್ನ ಕಳಕೊಂಡ. 1833ರಲ್ಲಿ ಭಾರತಕ್ಕೆ ಬಂದ. ಒಮ್ಮೆ ವಾಪಸ್ ಹೋದವನು 1836ರ ಮಾರ್ಚ್‌ನಲ್ಲಿ ಡಾರ್ಬಿಗೆ ಒಂದು ಕಾಗದ ಬರೆದ. ಬೇರೆಯವರ ತಪ್ಪಿನಿಂದ ದೂರ ಇರೋದೇ ನಿಮ್ಮ ಗುರುತಾಗಿಬಿಡ್ತಿದೆ ಅನ್ನೋ ಅರ್ಥದ ಕಾಗದ. ಬ್ರದರನ್ ಇತಿಹಾಸದಲ್ಲಿ ಅದು ಪ್ರಸಿದ್ಧ. ಅದನ್ನ ಬರೆದು ಅದೇ ವರ್ಷ ಹೊಸ ತಂಡದೊಂದಿಗೆ ಮದ್ರಾಸ್‌ಗೆ ಬಂದಿಳಿದ. ಮುಂದೆ ನೆಲೆಸಿದ್ದು ಚಿತ್ತೂರಿನಲ್ಲಿ, ನಮ್ಮ ಕೋಲಾರದ ಗಡಿ ದಾಟಿದ್ರೆ ಸಿಗೋ ಅದೇ ಚಿತ್ತೂರು. ಅಲ್ಲಿ ಬೇಸಾಯ, ರೇಷ್ಮೆ ಅಂತ ಕೈಹಾಕಿ ಸಾಲಕ್ಕೂ ಸಿಕ್ಕಿದ. ಕೂಡಿಡಬೇಡಿ ಅಂದವನಿಗೆ ಸಾಲಗಾರರು!

ಆ ತಂಡದಲ್ಲಿ ಗ್ರೋವ್ಸ್‌ನ ಮಕ್ಕಳಿಗೆ ಮೇಷ್ಟ್ರಾಗಿ ಬಂದ 22 ವರ್ಷದ ಜರ್ಮನ್ ಹುಡುಗ ಒಬ್ಬ ಇದ್ದ. ಹೆಸರು ಹರ್ಮನ್ ಗುಂಡರ್ಟ್. ಹೌದು, ಮುಂದೆ ಮಲಯಾಳಂ ನಿಘಂಟು ಬರೆದ ಅದೇ ಗುಂಡರ್ಟ್, ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾತ. 1838ರಲ್ಲಿ ಅದೇ ತಂಡದ ಜೂಲಿ ದ್ಯೂಬ್ವಾಳನ್ನ ಮದುವೆಯಾಗಿ, ಚಿತ್ತೂರು ಬಿಟ್ಟು ಮಂಗಳೂರಿಗೆ ಬಂದು ಬಾಸೆಲ್ ಮಿಶನ್ ಸೇರಿದ. ಅಲ್ಲಿ ಅವನಿಗಿಂತ ಮುಂಚೆ, 1836ರಲ್ಲೇ, ಹರ್ಮನ್ ಮೋಗ್ಲಿಂಗ್ ಬಂದಾಗಿತ್ತು.

1836, 1836 ಅಂತ ಯಾಕೆ ಒತ್ತಿ ಹೇಳ್ತಿದ್ದೀನಿ ಅಂದ್ರೆ, ಇವರಿಬ್ಬರ ತವರು ಜರ್ಮನಿಯ ವ್ಯೂರ್ಟೆಂಬರ್ಗ್. ಅಲ್ಲಿನ ಭಕ್ತಿಪಂಥದ ಮನೆಗಳಲ್ಲಿ 1836 ಅನ್ನೋದು ಸುಮ್ಮನೆ ಒಂದು ವರ್ಷ ಆಗಿರಲಿಲ್ಲ. ನೂರು ವರ್ಷ ಹಿಂದೆ ಅಲ್ಲೊಬ್ಬ ದೊಡ್ಡ ವಿದ್ವಾಂಸ ಇದ್ದ, ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್. ಗ್ರೀಕ್ ಹೊಸ ಒಡಂಬಡಿಕೆಯ ಪಾಠಗಳನ್ನ ಹೋಲಿಸಿ, ಶೋಧಿಸಿ 1734ರಲ್ಲಿ ಅಚ್ಚು ಹಾಕಿಸಿದವನು. ಇವತ್ತಿನ ಪಂಡಿತರೂ ಅವನಿಗೆ ಕೈಮುಗೀತಾರೆ. ಅಂಥವನೇ ಪ್ರಕಟನೆ ಗ್ರಂಥದ ಸಂಖ್ಯೆಗಳನ್ನ ಕೂಡಿ ಕಳೆದು ಒಂದು ತಾರೀಕು ತೆಗೆದ: 1836ರ ಜೂನ್ 18. ಅಂದು ಮೃಗದ ಆಳ್ವಿಕೆ ಮುಗಿದು ಸಾವಿರ ವರ್ಷದ ಕಾಲ ಶುರು. ಗಮನಿಸಿ, ಇದು ಡಾರ್ಬಿಯ ಗುಟ್ಟಿನ ಎತ್ತಲ್ಪಡುವಿಕೆ ಅಲ್ಲ. ಬೆಂಗೆಲ್‌ಗೆ ಆ ಕ್ರಮ ಗೊತ್ತೇ ಇರಲಿಲ್ಲ. ಅವನದು ಶುದ್ಧ ತಾರೀಕು.

ಜನ ಅದನ್ನ ಹಗುರವಾಗಿ ತಗೊಳ್ಳಲಿಲ್ಲ. 1817ರ ಸುಮಾರಿಗೆ ಸಾವಿರಾರು ವ್ಯೂರ್ಟೆಂಬರ್ಗ್ ರೈತರು ಮನೆ ಮಾರಿ ಕಾಕಸಸ್ ಬೆಟ್ಟಗಳ ಕಡೆ ಹೊರಟ್ರು. ಬರಗಾಲವೂ ಒಂದು ಕಾರಣ, ಅಂತ್ಯಕಾಲಕ್ಕೆ ಸುರಕ್ಷಿತ ಜಾಗ ಸಿಗುತ್ತೆ ಅನ್ನೋ ನಂಬಿಕೆ ಇನ್ನೊಂದು. ಹೀಗೆ ಜನ ಖಾಲಿಯಾಗೋದನ್ನ ತಡೆಯೋಕೆ ರಾಜನೇ 1819ರಲ್ಲಿ ಸ್ಟುಟ್‌ಗಾರ್ಟ್ ಪಕ್ಕ ಕೋರ್ನ್‌ಟಾಲ್ ಅನ್ನೋ ಪ್ರತ್ಯೇಕ ಊರು ಕಟ್ಟಿಕೊಳ್ಳೋಕೆ ಅನುಮತಿ ಕೊಟ್ಟ. ಬಾಸೆಲ್ ಮಿಶನ್‌ಗೆ ಹುಡುಗರು, ಕಾಣಿಕೆ ಹಣ ಎರಡೂ ದೊಡ್ಡ ಪ್ರಮಾಣದಲ್ಲಿ ಬರ್ತಿದ್ದದ್ದು ಇಂಥ ಮನೆಗಳಿಂದಲೇ. ಮೋಗ್ಲಿಂಗ್, ಗುಂಡರ್ಟ್ ಆ ತಾರೀಕನ್ನ ನಂಬಿದ್ರು ಅಂತ ನಾನು ಹೇಳ್ತಿಲ್ಲ. ಆದ್ರೆ ಅದು ಅವರ ಊರಿನ ಗಾಳಿಯಲ್ಲಿತ್ತು.

1836ರ ಜೂನ್ 18 ಬಂತು, ಹೋಯ್ತು. ಆಗ ಗುಂಡರ್ಟ್ ಹಡಗಿನಲ್ಲಿದ್ದ. ಜುಲೈನಲ್ಲಿ ಮದ್ರಾಸ್ ತಲುಪಿದ.

ಆಮೇಲೆ ಇವರು ಏನು ಮಾಡಿದ್ರು ಅನ್ನೋದು ನಿಮಗೆ ಗೊತ್ತಿರೋ ಕತೆಯೇ, ಈ ಹಿನ್ನೆಲೆ ಗೊತ್ತಿರಲಿಲ್ಲ ಅಷ್ಟೆ. ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರು ಸಮಾಚಾರ' ಶುರು ಮಾಡಿದ, ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿ. ಇವತ್ತಿಗೂ ಜುಲೈ 1 ನಮಗೆ ಪತ್ರಿಕಾ ದಿನ. ಆಮೇಲೆ ದಾಸರ ಪದಗಳು, ಬಸವ ಪುರಾಣ, ಜೈಮಿನಿ ಭಾರತ ಎಲ್ಲ ಅಚ್ಚಿಗೆ ಬಂದ್ವು. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ. 1894ರಲ್ಲಿ ಅದೇ ಮಿಶನ್‌ನ ಕಿಟೆಲ್‌ರ ನಿಘಂಟು. ನಾಳೆ ಲೋಕ ಮುಗಿಯುತ್ತೆ ಅನ್ನೋರು ನಿಘಂಟಿನ ಕೆಲಸಕ್ಕೆ ಕೂರ್ತಾರಾ? ಕೂತರಲ್ಲ. ನಿರೀಕ್ಷೆ ಬಿಟ್ಟವರಲ್ಲ ಇವರು, ಕರ್ತನ ರಾಜ್ಯ ಬರುತ್ತೆ ಅಂತಲೇ ಹಡಗು ಹತ್ತಿದವರು. ಆದ್ರೆ ಕೆಲಸ ನಿಲ್ಲಿಸಲಿಲ್ಲ. ಈ ಪರಂಪರೆಯ ಸಭೆಗಳು ಮುಂದೆ ಸಿಎಸ್‌ಐ ಸೇರಿದವು. ಅಲ್ಲಿ, ಹಾಗೇ ಕ್ಯಾಥೊಲಿಕರಲ್ಲಿ, ಎರಡನೇ ಬರೋಣದ ನಂಬಿಕೆ ಇದೆ, ಗುಟ್ಟಾಗಿ ಮಾಯವಾಗೋ ಬೋಧನೆ ಇಲ್ಲ. ವೈಟ್‌ಫೀಲ್ಡ್ ಇನ್ನರ್ ಸರ್ಕಲ್‌ನ 1886ರ ಮೆಮೋರಿಯಲ್ ಚರ್ಚ್‌ನಲ್ಲಿ ಭಾನುವಾರ ಕೂತು ಬನ್ನಿ, ಎತ್ತಲ್ಪಡುವಿಕೆಯ ಚಾರ್ಟ್ ಗೋಡೆ ಮೇಲೆ ಕಾಣಲ್ಲ. ಅಲ್ಲಿಂದ ಎರಡು ಕಿಲೋಮೀಟರ್ ಒಳಗೆ, ಟೆಕ್ ಪಾರ್ಕ್‌ಗಳ ಬೆನ್ನಿಗಿರೋ ಬಾಡಿಗೆ ಹಾಲ್‌ಗಳಲ್ಲಿ ಕಾಣಬಹುದು.

ಹಾಗಾದ್ರೆ ಆ ಹಾಲ್‌ಗಳಿಗೆ ಡಾರ್ಬಿ ಬಂದದ್ದು ಯಾವ ದಾರಿಯಲ್ಲಿ? ಅಮೆರಿಕ ಸುತ್ತಿಕೊಂಡು. ಡಾರ್ಬಿ 1860, 70ರ ದಶಕದಲ್ಲಿ ಹಲವು ಸಲ ಅಲ್ಲಿ ಪ್ರವಾಸ ಮಾಡಿದ. ಅವನ ಕ್ರಮವನ್ನ ಸೈರಸ್ ಸ್ಕೋಫೀಲ್ಡ್ ಅನ್ನೋ ಮಾಜಿ ವಕೀಲ 1909ರಲ್ಲಿ ಬೈಬಲ್ ಪುಟದ ಅಡಿಯಲ್ಲೇ ಟಿಪ್ಪಣಿಯಾಗಿ ಹಾಕಿ, ಆಕ್ಸ್‌ಫರ್ಡ್ ಪ್ರೆಸ್‌ನಿಂದ ತಂದ. ಒಂದೇ ಪುಟ, ಮೇಲೆ ವಚನ, ಕೆಳಗೆ ವ್ಯಾಖ್ಯಾನ. ಓದ್ತಾ ಓದ್ತಾ ಗೆರೆ ಅಳಿಸಿಹೋಗುತ್ತೆ. 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಸ್ಟ್ರೀಟ್‌ನಿಂದ ಎದ್ದ ಪೆಂತೆಕೊಸ್ತ್ ಚಳವಳಿ ಕೂಡ ಇದೇ ಕ್ರಮವನ್ನ ತೆಗೆದುಕೊಂಡಿತು. ಅಲ್ಲಿಂದ ಬಂದ ಜಾರ್ಜ್ ಬರ್ಗ್ ಬೆಂಗಳೂರಿನಲ್ಲಿದ್ದುಕೊಂಡು ಕೇರಳದ ಬ್ರದರನ್ ಕೂಟಗಳಿಗೆ ಹೋಗಿ ಬೋಧಿಸ್ತಿದ್ದ. 1913ರಲ್ಲಿ ರಾಬರ್ಟ್ ಕುಕ್ ಮೊದಲು ಬಂದಿಳಿದದ್ದೂ ಬೆಂಗಳೂರಿಗೇ, ತಿರುವಾಂಕೂರಿಗೆ ಹೋದದ್ದು ಆಮೇಲೆ. ಪೆಂತೆಕೊಸ್ತ್ ಅಂದ್ರೆ ಕೇರಳದಿಂದ ನಮ್ಮಲ್ಲಿಗೆ ಬಂದದ್ದು ಅನ್ಕೊಂಡಿದ್ದೆ. ಒಂದು ಹಂತದಲ್ಲಿ ಅದು ನಮ್ಮ ಊರಿಂದ ಆ ಕಡೆ ಹೋಗಿ, ಆಮೇಲೆ ಕೆಲಸ ಹುಡುಕಿಕೊಂಡು ಬಂದವರ ಜೊತೆ ವಾಪಸ್ ಬಂದಿದೆ.

ಬೆಂಗಳೂರಿನಲ್ಲೇ ಇದನ್ನ ಒಪ್ಪದ ಬೋಧಕರೂ ಇದ್ದಾರೆ. ನೌಕಾಪಡೆ ಬಿಟ್ಟು ಬಂದ ಝ್ಯಾಕ್ ಪೂನನ್ 1975ರಲ್ಲಿ ಇಲ್ಲಿ ಶುರು ಮಾಡಿದ ಕ್ರಿಶ್ಚಿಯನ್ ಫೆಲೋಶಿಪ್ ಚರ್ಚ್ ಹೇಳೋದು ಸಂಕಟದ ನಂತರವೇ ಅಂತ. ಅಂದ್ರೆ ಒಂದೇ ನಗರ, ಒಂದೇ ವಚನ, ಎರಡು ಕ್ರಮ. ಈ ಮಾತು ನನಗೆ ಒಂಬತ್ತನೇ ವಯಸ್ಸಿನಲ್ಲಿ ಯಾರಾದ್ರೂ ಹೇಳಿದ್ರೆ ಚೆನ್ನಾಗಿರ್ತಿತ್ತು.

ತಾರೀಕಿನ ಕತೆ ಬೇಗ ಮುಗಿಸ್ತೀನಿ, ಅದು ಒಂದೇ ಥರ ಇರುತ್ತೆ. ಅಮೆರಿಕದ ವಿಲಿಯಂ ಮಿಲ್ಲರ್ ಬಳಗ 1844ರ ಅಕ್ಟೋಬರ್ 22 ಅಂತು, ಆಗಲಿಲ್ಲ. ಆ ನಿರಾಶೆಯಿಂದ ಎದ್ದವರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟರು ಒಬ್ಬರು. ವೈಟ್‌ಫೀಲ್ಡ್ ಕಡೆ ಹೋಗುವಾಗ ದೂರವಾಣಿನಗರದಲ್ಲಿ ಸಿಗೋ ಲೌರಿ ಮೆಮೋರಿಯಲ್ ಅವರದೇ ಸಂಸ್ಥೆ. ಕೇರಳದಲ್ಲಿ ಜಸ್ಟಸ್ ಜೋಸೆಫ್ ಅನ್ನೋ ಪಾದ್ರಿಯ ಬಳಗ 1881 ಅಂತು. ಆಗದಿದ್ದಾಗ, ಬೇರೊಂದು ರೀತಿಯಲ್ಲಿ ಆಯ್ತು ಅಂತ ಯುಯೋಮಯ ಅನ್ನೋ ಹೊಸ ಪಂಥವೇ ಹುಟ್ಟಿತು. ನನ್ನ ಕಾಲದ್ದು ಹೆರಾಲ್ಡ್ ಕ್ಯಾಂಪಿಂಗ್. 2011ರ ಮೇ 21, ಶನಿವಾರ, ಆಯಾ ದೇಶದ ಸಂಜೆ ಆರು ಗಂಟೆಗೆ ಅಂದಿದ್ದ, ಟೈಮ್ ಝೋನ್ ಪ್ರಕಾರ ಒಂದೊಂದೇ ದೇಶ. ಪೀಣ್ಯದಲ್ಲಿ ಸಂಜೆ ಆರು ಅಂದ್ರೆ ರಸ್ತೆ ತುಂಬ ಫ್ಯಾಕ್ಟರಿ ಬಿಟ್ಟ ಜನ. ನಾನು ಟೆರೇಸ್ ಮೇಲೆ ನಿಂತು ನೋಡಿದ್ದೆ. ಎಲ್ಲರೂ ಬಸ್ ಸ್ಟಾಪ್ ಕಡೆ ಹೋಗ್ತಿದ್ರು.

ಇನ್ನು ನಮ್ಮಪ್ಪ. ಲೇತ್ ಆಪರೇಟರ್. ನಾನು ಚಿಕ್ಕವನಿದ್ದಾಗ ಲಗ್ಗೆರೆ ಕಡೆ ಒಂದು ಟ್ವೆಂಟಿ-ಥರ್ಟಿ ರೆವಿನ್ಯೂ ಸೈಟು ನೋಡಿದ್ರಂತೆ, ಕಂತಲ್ಲಿ ಕೊಡ್ತೀವಿ ಅಂದಿದ್ರಂತೆ. ತಗೊಳ್ಳಲಿಲ್ಲ. ಕರ್ತನ ಬರೋಣ ಹತ್ತಿರ ಇದೆ, ನೆಲ ಮಾಡಿ ಏನು ಅಂತ ಅಮ್ಮನಿಗೆ ಹೇಳಿದ್ರಂತೆ. ನಾವು ಇವತ್ತಿಗೂ ಬಾಡಿಗೆ ಮನೆಯಲ್ಲೇ ಇದ್ದೀವಿ. ಬಹಳ ವರ್ಷ ನನಗೆ ಇದರ ಬಗ್ಗೆ ಸಿಟ್ಟಿತ್ತು, ಈ ಸಂಚಿಕೆಗೆ ಅದನ್ನೇ ಸಾಕ್ಷಿಯಾಗಿ ಇಡೋಣ ಅನ್ಕೊಂಡಿದ್ದೆ. ಬರೆಯೋಕೆ ಮುಂಚೆ ಅಪ್ಪನನ್ನ ಕೇಳಿದೆ. "ಬರೋಣ ಅಂತ ಹೇಳಿದ್ದು ನಿಜ ಕಣೋ. ಮುಂಗಡಕ್ಕೆ ದುಡ್ಡಿರಲಿಲ್ಲ, ಅದೂ ನಿಜ. ನಿಮ್ಮಮ್ಮನ ಹತ್ರ ಎರಡರಲ್ಲಿ ಯಾವುದು ಹೇಳೋದು ಸುಲಭ?" ಅಂದ್ರು. ಈ ಎಂಟ್ರಿಯನ್ನ ಯಾವ ಖಾತೆಗೆ ಹಾಕಬೇಕು ಅಂತ ನನಗೆ ಇನ್ನೂ ತಿಳಿದಿಲ್ಲ.

ಆ ರಾತ್ರಿ ಅಕ್ಕನ ಮಗಳಿಗೆ ನಾನು ಡಾರ್ಬಿ, ಬೆಂಗೆಲ್ ಏನೂ ಹೇಳಲಿಲ್ಲ. ಫೋನ್ ಮಾಡಿ ಕುಕ್ಕರ್ ಕತೆ ಹೇಳಿದೆ. ಹೊಸ್ತಿಲ ಮೇಲೆ ಕೂತಿದ್ದು, ಎರಡು ರೂಪಾಯಿ, ಎಲ್ಲ. ಆಮೇಲೆ ಅಜ್ಜಿ, ಅಮ್ಮ, ಪಕ್ಕದ ಮನೆ ಆಂಟಿ ಮೂವರೂ ಕೊಡ ಹಿಡ್ಕೊಂಡು ಬಂದ್ರು, ನೀರಿನ ಟ್ಯಾಂಕರ್ ರಸ್ತೆ ತುದಿಗೆ ಬಂದಿತ್ತು ಅಂತಾನೂ ಹೇಳಿದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿ ಏನಂದ್ರು?" ಅಂತ ಕೇಳಿದಳು.

"ಬೇಳೆ ಸೀದು ಹೋಗಿತ್ತು. ಸ್ಟೌ ಆಫ್ ಮಾಡೋಕೆ ಏನಾಗಿತ್ತು ನಿನಗೆ ಅಂತ ಬೈದ್ರು."

ಈ ಸಂಚಿಕೆ ಇಷ್ಟೇ. ಮುಂದಿನ ವಾರ ಸಿಗೋಣ.